ಪುಣೆ, ಮುಂಬೈಯಿಂದ ಊರಿಗೆ ಹೋಗೋಕೆ ಟ್ರೇನಾ, ಬಸ್ಸಾ, ಫ್ಲೈಟಾ, ಕಾರಾ? ಪದೇ ಪದೇ ಕೇಳೋ ಪ್ರಶ್ನೆಗಳು

ಪುಣೆಗೆ ಹೊಸದಾಗಿ ಕೆಲಸಕ್ಕೆ ಬಂದಿರೋ ನಮ್ಮ ಕಡೆ ಹುಡುಗ್ರು, ಬಾಣಂತನಕ್ಕೆ ಅಂತ ಮಗಳ ಮನೆಗೆ ಬಂದು ವಾಪಸ್ ಹೊರಟಿರೋ ತಾಯಂದಿರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ನಾನು ಇರೋದು ಚಿಂಚವಡದಲ್ಲಿ, ಊರು ಧಾರವಾಡ ಕಡೆ. ಅದಕ್ಕೆ ಪುಣೆ ಕಡೆಯಿಂದ ಹೋಗೋ ವಿಷಯ ಸ್ವಲ್ಪ ಜಾಸ್ತಿನೇ ಇದೆ, ಮುಂಬೈಯವರಿಗೂ ಉಪಯೋಗ ಆಗೋ ಹಾಗೆ ಬರೆದಿದ್ದೀನಿ. ಟೈಮಿಂಗ್ ಆಗಾಗ ಬದಲಾಗುತ್ತೆ, ಟಿಕೆಟ್ ಮಾಡೋ ದಿನ ಒಂದ್ಸಲ ಚೆಕ್ ಮಾಡ್ಕೊಳ್ಳಿ.

ಎಲ್ಲಕ್ಕಿಂತ ಮೊದ್ಲು ಏನು ನೋಡ್ಬೇಕು?

ನಿಮ್ಮ ಊರು ಯಾವ ಲೈನಲ್ಲಿ ಬರುತ್ತೆ ಅಂತ ನೋಡಿ. ಆಮೇಲೆ ಬಸ್ಸು ಟ್ರೇನು ರೇಟು ಎಲ್ಲಾ. ಇಲ್ಲಿಂದ ಕರ್ನಾಟಕಕ್ಕೆ ಮೂರು ದಾರಿ. ಒಂದು ಸಾತಾರಾ, ಸಾಂಗ್ಲಿ, ಮಿರಜ್ ಮೇಲೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆಗೆ ಹೋಗೋದು. ಎರಡನೇದು ದೌಂಡ್, ಸೊಲ್ಲಾಪುರ ಮೇಲೆ ಕಲಬುರಗಿ, ಯಾದಗಿರಿ, ರಾಯಚೂರಿಗೆ ಹೋಗೋದು, ಸೊಲ್ಲಾಪುರದಲ್ಲೇ ಒಂದು ಕವಲು ವಿಜಯಪುರ, ಬಾಗಲಕೋಟೆ, ಗದಗ ಕಡೆ ಒಡೆಯುತ್ತೆ. ಮೂರನೇದು ಪನವೇಲ್‌ನಿಂದ ಕೊಂಕಣ ರೈಲ್ವೆ ಹಿಡಿದು ಗೋವಾ ದಾಟಿ ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು. ಇದಿಷ್ಟು ತಲೇಲಿ ಕೂತರೆ ಅರ್ಧ ಗೊಂದಲ ಅಲ್ಲೇ ಮುಗೀತು.

ಎರಡನೇ ಮಾತು, ಟಿಕೆಟ್ ಮೇಲೆ ಬರೆದಿರೋ ಟೈಮ್ ನೋಡಿ ತೀರ್ಮಾನ ಮಾಡ್ಬೇಡಿ, ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ. ವಾಕಡ್‌ನಲ್ಲಿ ಇರೋರಿಗೂ ಹಡಪ್ಸರ್‌ನಲ್ಲಿ ಇರೋರಿಗೂ ಒಂದೇ ಉತ್ತರ ಇರಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿಗೆ ಹೋಗುತ್ತಲ್ಲ, ಹುಬ್ಬಳ್ಳಿಯಲ್ಲಿ ಇಳೀಬಹುದಾ?

ಆಗಲ್ಲ. ಉದ್ಯಾನ್ ಹೋಗೋದು ಸೊಲ್ಲಾಪುರ, ಕಲಬುರಗಿ, ವಾಡಿ, ರಾಯಚೂರು, ಗುಂತಕಲ್ ಮೇಲೆ. ಹುಬ್ಬಳ್ಳಿ, ದಾವಣಗೆರೆ ಕಡೆಯೋರಿಗೆ ದಾದರ್‌ನಿಂದ ರಾತ್ರಿ ಹೊರಡೋ ಚಾಲುಕ್ಯ, ಶರಾವತಿ ಗಾಡಿಗಳು ಸರಿ, ಅವು ಮಿರಜ್, ಬೆಳಗಾವಿ ಮೇಲೆ ಬರ್ತಾವೆ, ಆದ್ರೆ ದಿನಾ ಇರಲ್ಲ, ವಾರದಲ್ಲಿ ಯಾವ ದಿನ ಅಂತ ನೋಡ್ಕೊಂಡೇ ರಜೆ ಹಾಕಿ. ವಿಜಯಪುರ, ಬಾಗಲಕೋಟೆ, ಬಾದಾಮಿ, ಗದಗ ಕಡೆಯೋರಿಗೆ ಮುಂಬೈಯಿಂದ ಹೊಸಪೇಟೆಗೆ ಹೋಗೋ ಗಾಡಿ ಇದೆ, ಪುಣೆ ಮೇಲೇ ಹೋಗುತ್ತೆ, ಸಾವಕಾಶ ಹೋಗೋ ಗಾಡಿ ಆದ್ರೂ ಊರ ಸ್ಟೇಷನ್ನಲ್ಲೇ ಇಳಿಸುತ್ತಲ್ಲ, ಸೊಲ್ಲಾಪುರದಲ್ಲಿ ನಡುರಾತ್ರಿ ಬ್ಯಾಗ್ ಹೊತ್ಕೊಂಡು ಬಸ್ ಹುಡುಕೋದು ತಪ್ಪುತ್ತೆ.

ಕಲಬುರಗಿಯವರು ಈ ವಿಷಯದಲ್ಲಿ ಪುಣ್ಯವಂತರು. ಹೈದರಾಬಾದ್, ಚೆನ್ನೈ, ಕನ್ಯಾಕುಮಾರಿ ಕಡೆ ಹೋಗೋ ಗಾಡಿಗಳಲ್ಲಿ ಬಹಳಷ್ಟು ಆ ಲೈನಲ್ಲೇ ಹೋಗ್ತಾವೆ.

ಪುಣೆ-ಹುಬ್ಬಳ್ಳಿ ವಂದೇ ಭಾರತ್ ಹೇಗಿದೆ?

ನನ್ನ ಕೇಳಿದ್ರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯವರಿಗೆ ಹಗಲು ಪ್ರಯಾಣಕ್ಕೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು, ವಾರಕ್ಕೆ ಮೂರು ದಿನ. ಹುಬ್ಬಳ್ಳಿಯಿಂದ ಬುಧವಾರ, ಶುಕ್ರವಾರ, ಭಾನುವಾರ ಬೆಳಗ್ಗೆ 5ಕ್ಕೆ ಬಿಟ್ಟು ಮಧ್ಯಾಹ್ನ ಒಂದೂವರೆಗೆ ಪುಣೆ, ಪುಣೆಯಿಂದ ಗುರುವಾರ, ಶನಿವಾರ, ಸೋಮವಾರ ಮಧ್ಯಾಹ್ನ 2-15ಕ್ಕೆ ಬಿಟ್ಟು ರಾತ್ರಿ ಹತ್ತೂಮುಕ್ಕಾಲಿಗೆ ಹುಬ್ಬಳ್ಳಿ, ಈ ವೇಳಾಪಟ್ಟಿ ಮೇಲೆ ಶುರುವಾಯ್ತು. ನಡುವೆ ಸಾತಾರಾ, ಸಾಂಗ್ಲಿ, ಮಿರಜ್, ಬೆಳಗಾವಿ, ಧಾರವಾಡ ಅಷ್ಟೇ. ದಿನ ನೋಡಿದ್ರೇ ಗೊತ್ತಾಗುತ್ತೆ, ಶುಕ್ರವಾರ ಸಂಜೆ ಆಫೀಸು ಮುಗಿಸಿ ಹೋಗಿ ಭಾನುವಾರ ರಾತ್ರಿ ವಾಪಸ್ ಬರೋರಿಗೆ ಇದು ಪೂರ್ತಿ ಹೊಂದಲ್ಲ. ಶನಿವಾರ ಮಧ್ಯಾಹ್ನ ಹತ್ತಿದ್ರೆ ಮನೆ ಮುಟ್ಟೋದೇ ರಾತ್ರಿ. ಒಂದೆರಡು ದಿನ ರಜೆ ಸೇರಿಸಿದ್ರೆ ಮಾತ್ರ ಸರಿ.

ಇದು ಪೂರ್ತಿ ಕೂತು ಹೋಗೋ ಗಾಡಿ, ಎಂಟೂವರೆ ಗಂಟೆ ಮಲಗೋಕೆ ಆಗಲ್ಲ, ಬೆನ್ನು ನೋವು ಇರೋರು ಯೋಚನೆ ಮಾಡಿ. ಮತ್ತೆ ಬಾಗಿಲು ತಾನೇ ಮುಚ್ಚುತ್ತೆ. ಅಪ್ಪ ಅಮ್ಮನ್ನ ಬಿಡೋಕೆ ಬಂದೋರು ಬ್ಯಾಗ್ ಮೇಲಿಟ್ಟು, ನೀರಿನ ಬಾಟ್ಲಿ ಕೈಗೆ ಕೊಟ್ಟು, ಕಾಲು ಮುಟ್ಟಿ ನಮಸ್ಕಾರ ಮಾಡೋ ಹೊತ್ತಿಗೆ ಬಾಗಿಲು ಮುಚ್ಚಿಕೊಂಡ್ರೆ ಮುಂದಿನ ಸ್ಟಾಪ್ ಸಾತಾರಾ. ನಮಸ್ಕಾರ ಪ್ಲಾಟ್‌ಫಾರ್ಮ್ ಮೇಲೇ ಮುಗಿಸ್ಕೊಳ್ಳಿ. ಇಳಿಯೋ ಸ್ಟೇಷನ್ ಬರೋಕೆ ಹತ್ತು ನಿಮಿಷ ಮೊದ್ಲೇ ಸಾಮಾನು ಬಾಗಿಲ ಹತ್ರ ತಂದಿಟ್ಕೊಳ್ಳಿ, ನಡುವಿನ ಸ್ಟೇಷನ್‌ಗಳಲ್ಲಿ ನಿಲ್ಲೋದೇ ಕೆಲವು ನಿಮಿಷ.

ಟ್ರೇನ್ ಟಿಕೆಟ್ ಸಿಗೋದೇ ಇಲ್ಲ, ಏನ್ ಮಾಡೋದು?

2024ರ ನವೆಂಬರ್‌ನಿಂದ ಬುಕಿಂಗ್ 60 ದಿನ ಮೊದ್ಲು ಓಪನ್ ಆಗುತ್ತೆ, ಮೊದ್ಲು 120 ದಿನ ಇತ್ತು. ಹಬ್ಬಕ್ಕೆ ಹೋಗೋದು ಗ್ಯಾರಂಟಿ ಇದ್ರೆ ಆ ದಿನವೇ ಬೆಳಗ್ಗೆ ಎಂಟು ಗಂಟೆಗೆ ಕೂತ್ಕೊಳ್ಳಿ. ಗಣಪತಿ, ದೀಪಾವಳಿಗೆ ಒಂದು ವಾರ ಇದ್ದಾಗ ನೋಡ್ತೀನಿ ಅಂದ್ರೆ ಸಿಗಲ್ಲ.

ತತ್ಕಾಲ್ ಗಾಡಿ ಹೊರಡೋ ಹಿಂದಿನ ದಿನ, ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11 ಗಂಟೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿರೋ ಅಕೌಂಟೇ ಬೇಕು, ಹಿಂದಿನ ರಾತ್ರಿನೇ ಅದನ್ನ ಮಾಡಿಟ್ಕೊಳ್ಳಿ, ಹತ್ತು ಗಂಟೆಗೆ ಓಟಿಪಿ ಕಾಯ್ತಾ ಕೂತ್ರೆ ಸೀಟು ಹೋಗಿರುತ್ತೆ. ಕನ್ಫರ್ಮ್ ಆದ ತತ್ಕಾಲ್ ಕ್ಯಾನ್ಸಲ್ ಮಾಡಿದ್ರೆ ದುಡ್ಡು ಬರಲ್ಲ, ಇದು ಮನೇಲಿ ಎಲ್ಲರಿಗೂ ಗೊತ್ತಿರಲಿ.

ಇನ್ನೊಂದು ದಾರಿ ಇದೆ, ಬಹಳ ಜನ ಉಪಯೋಗಿಸಲ್ಲ. ಗಾಡಿ ಮುಂಬೈಯಿಂದ ಹೊರಡೋದಾದ್ರೆ ಪುಣೆಯಿಂದ ವೇಟಿಂಗ್ ತೋರಿಸ್ತಾ ಇದ್ರೂ ದಾದರ್‌ನಿಂದ ಸೀಟು ಇರಬಹುದು, ಯಾಕಂದ್ರೆ ಕೋಟಾ ಬೇರೆ ಬೇರೆ. ಅಂಥಾಗ ದಾದರ್‌ನಿಂದಲೇ ಟಿಕೆಟ್ ಮಾಡಿ, ಬೋರ್ಡಿಂಗ್ ಸ್ಟೇಷನ್ ಪುಣೆ ಅಂತ ಹಾಕಿ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತೆ, ಆದ್ರೆ ಬರ್ತ್ ಸಿಗುತ್ತೆ. ಬೋರ್ಡಿಂಗ್ ಬದಲಾಯಿಸದೆ ಸುಮ್ನೆ ಪುಣೆಯಲ್ಲಿ ಹತ್ತೋಣ ಅಂತ ಬಿಡ್ಬೇಡಿ, ಟಿಸಿ ದಾದರ್ ಆದ್ಮೇಲೆ ನೀವು ಬಂದಿಲ್ಲ ಅಂತ ಬರ್ತ್ ಬೇರೆಯವರಿಗೆ ಕೊಟ್ಟರೆ ಕೇಳೋ ಹಾಗಿಲ್ಲ.

ಆರ್‌ಎಸಿ ಇದ್ರೆ ಧೈರ್ಯವಾಗಿ ಹತ್ತಿ, ಕೂತ್ಕೊಳ್ಳೋಕಂತೂ ಜಾಗ ಇರುತ್ತೆ. ಆನ್‌ಲೈನ್ ಟಿಕೆಟ್ ಚಾರ್ಟ್ ಆದ್ಮೇಲೂ ವೇಟಿಂಗಲ್ಲೇ ಉಳಿದ್ರೆ ತಾನೇ ಕ್ಯಾನ್ಸಲ್ ಆಗುತ್ತೆ, ಅದನ್ನ ಹಿಡ್ಕೊಂಡು ಹತ್ತೋದು ಟಿಕೆಟ್ ಇಲ್ಲದೆ ಹತ್ತಿದ ಲೆಕ್ಕವೇ.

ಬಸ್ಸಿಗೆ ಪುಣೆಯಲ್ಲಿ ಎಲ್ಲಿ ಹತ್ತೋದು?

ಸರ್ಕಾರಿ ಬಸ್ಸಾದ್ರೆ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಸ್ವಾರಗೇಟ್. ಪಿಂಪ್ರಿ ಕಡೆ ಇರೋರಿಗೆ 2024ರ ಸೆಪ್ಟೆಂಬರ್‌ನಿಂದ ಮೆಟ್ರೋ ಸೀದಾ ಸ್ವಾರಗೇಟ್‌ವರೆಗೂ ಬಂದಿದೆ, ಇದು ನಿಜವಾಗ್ಲೂ ದೊಡ್ಡ ಉಪಕಾರ, ಮೊದ್ಲು ನಿಗಡಿಯಿಂದ ಸ್ವಾರಗೇಟ್ ಮುಟ್ಟೋದೇ ಒಂದು ಪ್ರಯಾಣ ಆಗಿತ್ತು.

ಪ್ರೈವೇಟ್ ಬಸ್ಸುಗಳ ಕಥೆ ಬೇರೆ. ಮುಂಬೈಯಿಂದ ಬರೋವು ಊರೊಳಗೆ ಬರಲ್ಲ, ಎಕ್ಸ್‌ಪ್ರೆಸ್‌ವೇ ಇಳಿದು ವಾಕಡ್, ಚಾಂದಣಿ ಚೌಕ, ವಾರ್ಜೆ, ನವಲೆ ಬ್ರಿಜ್ ಅಂತ ಬೈಪಾಸ್ ಹಿಡಿದೇ ಹೋಗ್ತಾವೆ. ಶುಕ್ರವಾರ ರಾತ್ರಿ ಹತ್ತರ ಮೇಲೆ ನವಲೆ ಬ್ರಿಜ್ ಹತ್ರ ಒಂದ್ಸಲ ನಿಂತು ನೋಡಿ, ಸರ್ವಿಸ್ ರೋಡ್ ತುಂಬಾ ಬ್ಯಾಗು, ಟ್ರಾಲಿ, ಮಲಗಿರೋ ಮಗುವನ್ನ ಹೆಗಲಿಗೆ ಹಾಕ್ಕೊಂಡಿರೋ ಅಪ್ಪಂದಿರು, ಎಲ್ಲರ ಕೈಯಲ್ಲೂ ಮೊಬೈಲಲ್ಲಿ ಬಸ್ಸಿನ ಲೊಕೇಶನ್, ಒಂದರ ಹಿಂದೆ ಒಂದು ಬಸ್ ಬಂದು ಅರ್ಧ ನಿಮಿಷ ನಿಂತಾಗ ಕ್ಲೀನರ್ ಹುಡುಗ ಕೆಳಗೆ ಹಾರಿ "ಹುಬ್ಬಳ್ಳಿ, ಹುಬ್ಬಳ್ಳಿ, ದಾವಣಗೆರೆ" ಅಂತ ಕೂಗ್ತಾನೆ, ಅಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೀತಾ ಇರುತ್ತೆ. ಹಾಗಾಗಿ ಬಸ್ಸಿನ ನಂಬರ್ ಮೊದ್ಲೇ ತರಿಸ್ಕೊಳ್ಳಿ. ಒಂದೇ ಹೆಸರಿನ ಟ್ರಾವೆಲ್ಸ್‌ನ ಎರಡು ಮೂರು ಬಸ್ಸು ಅರ್ಧ ಗಂಟೆಯೊಳಗೆ ಬರೋದುಂಟು. ಅವಸರದಲ್ಲಿ ಹೈವೇ ದಾಟ್ಬೇಡಿ, ದಯವಿಟ್ಟು. ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಜ್‌ವರೆಗೆ ಪೂರ್ತಿ ಇಳಿಜಾರು, ಲಾರಿಗಳು ಬ್ರೇಕ್ ಫೇಲಾಗಿ ಅಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಪುಣೆಯಲ್ಲಿ ಇರೋರಿಗೆಲ್ಲ ಗೊತ್ತು.

ಸ್ಲೀಪರ್ ಬುಕ್ ಮಾಡುವಾಗ ಸಾಧ್ಯ ಆದ್ರೆ ಬಸ್ಸಿನ ನಡುಭಾಗದ ಕೆಳಗಿನ ಬರ್ತ್ ತಗೊಳ್ಳಿ, ಹಿಂದಿನ ಚಕ್ರದ ಮೇಲೆ ಬಂದ್ರೆ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಹತ್ತಿದ ತಕ್ಷಣ ಎಮರ್ಜೆನ್ಸಿ ಬಾಗಿಲು ಎಲ್ಲಿದೆ, ಗಾಜು ಒಡೆಯೋ ಸುತ್ತಿಗೆ ಇದೆಯಾ ಅಂತ ನೋಡಿ. ಬಾಗಿಲ ಮುಂದೆ ಪಾರ್ಸಲ್ ಪೇರಿಸಿದ್ರೆ ತೆಗೆಸಿ, ಬೈದ್ರೂ ಪರವಾಗಿಲ್ಲ, ತೆಗೆಸಿ.

ಹಬ್ಬ ಬಂದ್ರೆ ಪ್ರೈವೇಟ್ ಬಸ್ ರೇಟ್ ಎರಡು ಮೂರು ಪಟ್ಟು ಮಾಡ್ತಾರಲ್ಲ, ಕೇಳೋರೇ ಇಲ್ವಾ?

ಮಹಾರಾಷ್ಟ್ರ ಸರ್ಕಾರ 2018ರಲ್ಲೇ ಒಂದು ಆದೇಶ ಹೊರಡಿಸಿದೆ, ಅದೇ ತರದ ಎಸ್‌ಟಿ (ಅಂದ್ರೆ ಮಹಾರಾಷ್ಟ್ರದ ಸರ್ಕಾರಿ) ಬಸ್ಸಿನ ದರಕ್ಕಿಂತ ಒಂದೂವರೆ ಪಟ್ಟು ಮೀರಿ ಪ್ರೈವೇಟ್‌ನವರು ತಗೊಳ್ಳೋ ಹಾಗಿಲ್ಲ ಅಂತ. ಆರ್‌ಟಿಓಗೆ ದೂರು ಕೊಡಬಹುದು, ಟಿಕೆಟ್ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಆದ್ರೆ ಹಬ್ಬದ ಹಿಂದಿನ ದಿನ ನಿಮಗೆ ದೂರಿಗಿಂತ ಸೀಟು ಮುಖ್ಯ, ಅದಕ್ಕೆ ನನ್ನ ಸಲಹೆ ಇಷ್ಟೇ: ಕರ್ನಾಟಕದ ಸರ್ಕಾರಿ ಬಸ್ ಮೊದ್ಲು ನೋಡಿ. ವಾಯವ್ಯ ಸಾರಿಗೆ, ಕಲ್ಯಾಣ ಕರ್ನಾಟಕ ಸಾರಿಗೆಯವರ ಬಸ್ಸು ಪುಣೆಗೂ ಮುಂಬೈಗೂ ಬರ್ತಾವೆ, ಹಬ್ಬಕ್ಕೆ ಹೆಚ್ಚುವರಿ ಬಸ್ಸೂ ಬಿಡ್ತಾರೆ. ಸಿಗಲಿಲ್ಲ ಅಂದ್ರೆ ತುಂಡು ತುಂಡಾಗಿ ಹೋಗೋದು. ಸ್ವಾರಗೇಟ್‌ನಿಂದ ಕೊಲ್ಹಾಪುರಕ್ಕೆ ಎಸ್‌ಟಿ ಹಗಲೂ ರಾತ್ರಿ ಇರುತ್ತೆ, ಕೊಲ್ಹಾಪುರದಿಂದ ನಿಪ್ಪಾಣಿ, ಬೆಳಗಾವಿಗೆ ಬಸ್ಸಿಗೇನೂ ಬರ ಇಲ್ಲ.

ಹೆಣ್ಮಕ್ಕಳಿಗೆ ಫ್ರೀ ಬಸ್ಸು ಪುಣೆಯಿಂದಲೇ ನಡೆಯುತ್ತಾ?

ಇಲ್ಲ ಅಕ್ಕಾ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಆದ್ರೆ ಅದು ಕರ್ನಾಟಕದ ಒಳಗೆ ಓಡೋ ಸಾಮಾನ್ಯ, ವೇಗದೂತ ಬಸ್ಸಿಗೆ ಮಾತ್ರ. ಅಂತರರಾಜ್ಯ ಬಸ್ಸಿಗೂ ಇಲ್ಲ, ಎಸಿ, ಐಷಾರಾಮಿ ಬಸ್ಸಿಗೂ ಇಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು, ಆಧಾರ್‌ನಲ್ಲಿ ಪುಣೆ ವಿಳಾಸಕ್ಕೆ ಬದಲಾಯಿಸ್ಕೊಂಡೋರಿಗೆ ಸಿಗಲ್ಲ.

ಆದ್ರೆ ಮಹಾರಾಷ್ಟ್ರದಲ್ಲೂ ಒಂದು ಅನುಕೂಲ ಇದೆ. 2023ರ ಮಾರ್ಚ್ 17ರಿಂದ ಎಸ್‌ಟಿ ಬಸ್ಸಲ್ಲಿ ಎಲ್ಲಾ ಹೆಣ್ಮಕ್ಕಳಿಗೂ ಅರ್ಧ ಟಿಕೆಟ್, ರಾಜ್ಯದ ಗಡಿವರೆಗೆ. 75 ದಾಟಿದ ಹಿರಿಯರಿಗೆ ಪೂರ್ತಿ ಫ್ರೀ, 65ರಿಂದ 75ರವರಿಗೆ ಅರ್ಧ. ಹಾಗಾಗಿ ಊರ ವಿಳಾಸದ ಆಧಾರ್ ಇಟ್ಕೊಂಡಿರೋ ಅಮ್ಮಂದಿರು ಕೊಲ್ಹಾಪುರ, ಕಾಗಲ್‌ವರೆಗೆ ಎಸ್‌ಟಿಯಲ್ಲಿ ಅರ್ಧ ಟಿಕೆಟ್, ಅಲ್ಲಿಂದ ನಿಪ್ಪಾಣಿಗೆ ಟಿಕೆಟ್ ತಗೊಂಡು, ನಿಪ್ಪಾಣಿಯಿಂದ ಮುಂದೆ ಕರ್ನಾಟಕದ ಕೆಂಪು ಬಸ್ಸಲ್ಲಿ ಫ್ರೀ, ಹೀಗೆ ಹೋಗ್ತಾರೆ. ಉಳಿತಾಯ ಚೆನ್ನಾಗೇ ಆಗುತ್ತೆ, ಆದ್ರೆ ಎರಡು ಮೂರು ಕಡೆ ಹತ್ತಿ ಇಳಿಯೋ ಶಕ್ತಿ ಬೇಕು, ಸಾಮಾನು ಕಮ್ಮಿ ಇರಬೇಕು. ಮಂಡಿ ನೋವಿನ ಅಮ್ಮನಿಗೆ ಈ ದಾರಿ ಹೇಳ್ಬೇಡಿ.

ಗಡಿ ಗಲಾಟೆ ಎದ್ದಾಗ ಎರಡೂ ರಾಜ್ಯದ ಬಸ್ಸು ಕಾಗಲ್, ನಿಪ್ಪಾಣಿಯಲ್ಲೇ ನಿಂತುಬಿಡೋದುಂಟು. ಹೊರಡೋ ಮೊದ್ಲು ನ್ಯೂಸ್ ನೋಡಿ, ಅಂಥ ದಿನ ಟ್ರೇನೇ ಸರಿ.

ಬೆಂಗಳೂರಿಗೆ ಫ್ಲೈಟ್ ಲಾಭನಾ?

ಬೆಂಗಳೂರಿಗೆ ಮಾತ್ರ ಹೌದು ಅಂತೀನಿ, ಆದ್ರೆ ಒಂದೂವರೆ ಗಂಟೆಗೆ ಮುಟ್ಟಿಬಿಡ್ತೀವಿ ಅನ್ನೋ ಲೆಕ್ಕ ಬಿಡಿ. ಹಿಂಜವಡಿಯಿಂದ ಲೋಹಗಾಂವ್ ಏರ್‌ಪೋರ್ಟ್‌ಗೆ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ, ಎರಡು ಗಂಟೆ ಮೊದ್ಲು ಏರ್‌ಪೋರ್ಟಲ್ಲಿ ಇರಬೇಕು, ಹಾರಾಟ ಒಂದೂವರೆ, ಇಳಿದು ಬ್ಯಾಗ್ ತಗೊಳ್ಳೋಕೆ ಅರ್ಧ ಗಂಟೆ, ದೇವನಹಳ್ಳಿಯಿಂದ ಜಯನಗರಕ್ಕೆ ಮತ್ತೆ ಒಂದೂವರೆ ಎರಡು ಗಂಟೆ. ಕೂಡಿಸಿದ್ರೆ ಏಳು ಗಂಟೆ. ಬಸ್ಸಿಗೆ ಸುಮಾರು 840 ಕಿಲೋಮೀಟರ್, ಹದಿನಾಲ್ಕರಿಂದ ಹದಿನಾರು ಗಂಟೆ, ಟ್ರೇನಿಗೆ ಇಪ್ಪತ್ತರ ಹತ್ರ. ಹಾಗೆ ನೋಡಿದ್ರೂ ಫ್ಲೈಟೇ ಮೇಲು. ಆದ್ರೆ ರಾತ್ರಿ ಬಸ್ಸು ನಿಮ್ಮ ಹಗಲನ್ನ ತಿನ್ನಲ್ಲ, ಅದೂ ಲೆಕ್ಕಕ್ಕೆ ಬರಲಿ. ಒಬ್ಬರೇ ಹೋಗೋದಾದ್ರೆ, ಟಿಕೆಟ್ ಮೊದ್ಲೇ ಮಾಡಿದ್ರೆ ಫ್ಲೈಟ್. ನಾಲ್ಕು ಜನ, ಮಕ್ಕಳು, ಮೂರು ಬ್ಯಾಗು ಅಂದ್ರೆ ಟ್ರೇನ್.

ಹುಬ್ಬಳ್ಳಿ, ಬೆಳಗಾವಿಗೆ ಮುಂಬೈಯಿಂದ ವಿಮಾನ ಇದೆ, ಆದ್ರೆ ಕಮ್ಮಿ. ಸಾವು ನೋವು ಅಂತ ತುರ್ತು ಇದ್ದಾಗ ನೋಡಿ. ಪುಣೆಯಲ್ಲಿ ಇರೋರು ಅದಕ್ಕೆ ಅಂತ ಮುಂಬೈ ಏರ್‌ಪೋರ್ಟ್‌ಗೆ ಹೋಗಿ ಕಾಯೋ ಹೊತ್ತಿಗೆ ರಸ್ತೆ ಮೇಲೆ ಬೆಳಗಾವಿ ಹತ್ತಿರ ಬಂದಿರುತ್ತೆ.

ಫ್ಲೈಟಲ್ಲಿ ಊರಿಂದ ಉಪ್ಪಿನಕಾಯಿ, ಕೊಬ್ಬರಿ ತರಬಹುದಾ?

ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ಸೆಕ್ಯೂರಿಟಿಯಲ್ಲಿ ತೆಗೆದಿಡ್ತಾರೆ, ಗಟ್ಟಿಯಾಗಿ ಪ್ಯಾಕ್ ಮಾಡಿ ಚೆಕ್-ಇನ್ ಬ್ಯಾಗಲ್ಲಿ ಹಾಕಿ. ಒಣ ಕೊಬ್ಬರಿ ಗಿಟಕು ಮಾತ್ರ ಎಲ್ಲೂ ಬೇಡ, ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತೋ ವಸ್ತು ಅಂತ ಬಿಡಲ್ಲ. ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕೆಜಿ, ಕೈಯಲ್ಲಿ 7 ಕೆಜಿ. ಅಮ್ಮ ಕಟ್ಟಿಕೊಡೋ ಜೋಳದ ಹಿಟ್ಟು, ಕಟಕ್ ರೊಟ್ಟಿ, ಶೇಂಗಾ ಚಟ್ನಿ ಸೇರಿಸಿದ್ರೆ 15 ಯಾವ ಮೂಲೆಗೂ ಸಾಲಲ್ಲ, ಅದಕ್ಕೇ ಹೋಗುವಾಗ ಫ್ಲೈಟ್, ಬರುವಾಗ ಟ್ರೇನ್ ಅನ್ನೋರು ಬಹಳ ಜನ ಇದ್ದಾರೆ.

ಸ್ವಂತ ಕಾರಲ್ಲಿ ಹೋದ್ರೆ?

ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿಲೋಮೀಟರ್, ಬೆಳಗಾವಿ 340, ಹುಬ್ಬಳ್ಳಿ 430ರ ಆಸುಪಾಸು. ಹೈವೇ ನಂಬರ್ 48, ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಎನ್ಎಚ್ ಫೋರ್. ಮೂರಕ್ಕಿಂತ ಜಾಸ್ತಿ ಜನ ಇದ್ರೆ ಕಾರು ಖರ್ಚಿಗೆ ಹೊಂದುತ್ತೆ. ಟೋಲ್ ಮಾತ್ರ ಸಾಲಾಗಿ ಬರುತ್ತೆ: ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಗಡಿ ದಾಟಿದ ಮೇಲೆ ಕೊಗನೊಳ್ಳಿ, ಹತ್ತರಗಿ, ಹೀಗೆ. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, 3,000 ರೂಪಾಯಿಗೆ ಶುರುವಾಯ್ತು, 200 ಸಲ ಅಥವಾ ಒಂದು ವರ್ಷ, ಯಾವುದು ಮೊದ್ಲು ಮುಗಿಯುತ್ತೋ ಅದು. ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಹೋಗೋರಿಗೆ ಖಂಡಿತ ಲಾಭ. ಆದ್ರೆ ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ನಡೆಯಲ್ಲ, ಮುಂಬೈಯವರು ಆ ದುಡ್ಡು ಬೇರೆ ಇಟ್ಕೊಳ್ಳಿ.

ವಾಪಸ್ ಬರುವಾಗ ಜೋಪಾನ. ಹೋಗುವಾಗ ಖಂಬಾಟಕಿ ಘಾಟ್ ಹತ್ತಿ ಹೋಗ್ತೀರಿ, ಬರುವಾಗ ಸುರಂಗದೊಳಗೆ ಬರ್ತೀರಿ, ಸುರಂಗ ಮುಗಿದ ಕೂಡಲೇ ಇಳಿಜಾರಲ್ಲಿ ಎಸ್ ಆಕಾರದ ತಿರುವು ಇದೆ, ಕೆಟ್ಟ ಜಾಗ. ಬೆಳಗಿನ ಜಾವ ಅಲ್ಲಿ ನಿದ್ದೆಗಣ್ಣಲ್ಲಿ ಬರೋ ಹಾಗೆ ಪ್ಲಾನ್ ಮಾಡ್ಬೇಡಿ. ಊರಲ್ಲಿ ರಾತ್ರಿ ಊಟ ಮಾಡಿ ಹೊರಟ್ರೆ ಬೆಳಗ್ಗೆ ಆಫೀಸಿಗೆ ಬರ್ತೀನಿ ಅನ್ನೋ ಹುಡುಗ್ರಿಗೆ ಇದನ್ನ ಕೈಮುಗಿದು ಹೇಳ್ತೀನಿ.

ಮಳೆಗಾಲದಲ್ಲಿ?

ಜುಲೈ, ಆಗಸ್ಟ್‌ನಲ್ಲಿ ಕೊಲ್ಹಾಪುರದ ಪಂಚಗಂಗೆ ನದಿ ನೀರಿನ ಮಟ್ಟ ನೋಡಿ. 2019ರ ಆಗಸ್ಟ್, 2021ರ ಜುಲೈ ಎರಡೂ ಸಲ ಕೊಲ್ಹಾಪುರ ಹತ್ರ ಶಿರೋಲಿಯಲ್ಲಿ ಹೈವೇ ಮೇಲೇ ನೀರು ಬಂದು ದಿನಗಟ್ಟಲೆ ಬಂದ್ ಆಗಿತ್ತು, ನಿಪ್ಪಾಣಿ ಹತ್ರ ಯಮಗರ್ಣಿಯಲ್ಲೂ ಹಾಗೇ. ಅಂಥ ಸಮಯದಲ್ಲಿ ಸೊಲ್ಲಾಪುರ, ವಿಜಯಪುರ ಸುತ್ತಿ ಹೋಗೋದು ದೂರ ಆದ್ರೂ ಊರು ಮುಟ್ಟಿಸುತ್ತೆ.

ಕೊಂಕಣ ರೈಲ್ವೆಗೆ ಮಳೆಗಾಲದ ಟೈಮ್‌ಟೇಬಲ್ಲೇ ಬೇರೆ. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಗಾಡಿ ನಿಧಾನ ಓಡಿಸ್ತಾರೆ, ಹೊರಡೋ ಟೈಮೂ ಬದಲಾಗುತ್ತೆ. ಮೇ ತಿಂಗಳ ನೆನಪಲ್ಲಿ ಆಗಸ್ಟ್‌ನಲ್ಲಿ ಸ್ಟೇಷನ್‌ಗೆ ಹೋಗ್ಬೇಡಿ.

ಪುಣೆಯಿಂದ ಉಡುಪಿ, ಮಂಗಳೂರಿಗೆ ಹೇಗೆ?

ಪನವೇಲ್‌ಗೆ ಹೋಗಿ ಹತ್ತಿ. ಕುರ್ಲಾ ಟರ್ಮಿನಸ್‌ನಿಂದ ಹೊರಡೋ ಮತ್ಸ್ಯಗಂಧಾ ಪನವೇಲ್‌ನಲ್ಲಿ ನಿಲ್ಲುತ್ತೆ, ಪುಣೆಯಿಂದ ಪನವೇಲ್‌ಗೆ ಬಸ್ಸಿಗೆ ಬರ ಇಲ್ಲ. ಎಕ್ಸ್‌ಪ್ರೆಸ್‌ವೇ ಜಾಮ್ ಆಗೋದು ಇದ್ದಿದ್ದೇ, ಒಂದೆರಡು ಗಂಟೆ ಕೈಯಲ್ಲಿಟ್ಕೊಂಡು ಹೊರಡಿ. ಮುಂಬೈಯಲ್ಲಿರೋ ಕರಾವಳಿಯವರಿಗೆ ನಾನು ಹೇಳ್ಬೇಕಾದ್ದು ಏನೂ ಇಲ್ಲ, 1998ರಿಂದ ಆ ಲೈನು ಅವರ ಮನೆ ದಾರಿ.

ಗೋವಾಕ್ಕೆ?

ಮುಂಬೈಯಿಂದ ಹಗಲಲ್ಲಿ ಮಡಗಾಂವ್ ವಂದೇ ಭಾರತ್, ಜನಶತಾಬ್ದಿ ಎಲ್ಲಾ ಇವೆ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಲೋಂಡಾ ಮೇಲೆ ದೂಧ್‌ಸಾಗರ್ ಪಕ್ಕದಲ್ಲೇ ಇಳಿದು ಹೋಗುತ್ತೆ. ಫ್ಲೈಟಲ್ಲಿ ಹೋದ್ರೆ ಗೋವಾದಲ್ಲಿ ಎರಡು ಏರ್‌ಪೋರ್ಟ್ ಇದೆ, ಉತ್ತರಕ್ಕೆ ಮೋಪಾ, ದಕ್ಷಿಣಕ್ಕೆ ದಾಬೋಲಿ. ಮಡಗಾಂವ್ ಕಡೆ ಮನೆ ಇಟ್ಕೊಂಡು ಮೋಪಾ ಟಿಕೆಟ್ ಮಾಡಿದ್ರೆ ಟ್ಯಾಕ್ಸಿಗೆ ಸುರಿಯೋ ದುಡ್ಡಲ್ಲಿ ಟ್ರೇನ್ ಟಿಕೆಟ್ಟೇ ಬರುತ್ತೆ.

ವಯಸ್ಸಾದೋರನ್ನ ಒಬ್ಬರನ್ನೇ ಕಳಿಸೋದಾದ್ರೆ ಯಾವುದು?

ಟ್ರೇನ್, ಥರ್ಡ್ ಎಸಿ ಅಥವಾ ಸೆಕೆಂಡ್ ಎಸಿ, ಕೆಳಗಿನ ಬರ್ತ್. ಬಸ್ಸಲ್ಲಿ ಬಾತ್‌ರೂಮಿನದೇ ದೊಡ್ಡ ಚಿಂತೆ, ಎಷ್ಟೋ ಹಿರಿಯರು ಅದಕ್ಕೆ ಹೆದರಿ ಮಧ್ಯಾಹ್ನದಿಂದ ನೀರೇ ಕುಡಿಯಲ್ಲ, ಶುಗರ್, ಬಿಪಿ ಮಾತ್ರೆ ತಗೊಳ್ಳೋರಿಗೆ ಅದು ಅಪಾಯ. ಬಾಯಿಬಿಟ್ಟು ಹೇಳಲ್ಲ, ನಾವೇ ಅರ್ಥ ಮಾಡ್ಕೋಬೇಕು. ಹಿರಿಯರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ಆದ್ರೆ 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ. ಒಂದೇ ಟಿಕೆಟ್ಟಲ್ಲಿ ಮನೆಮಂದಿನೆಲ್ಲಾ ಸೇರಿಸಿದ್ರೆ ಆ ಕೋಟಾ ಸಿಗಲ್ಲ, ಅವರ ಟಿಕೆಟ್ ಬೇರೆ ಮಾಡಿ. ಕೋಚ್ ನಂಬರ್, ಬರ್ತ್ ನಂಬರ್, ನಿಮ್ಮ ಫೋನ್ ನಂಬರ್ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೈಗೆ ಕೊಡಿ, ಮೊಬೈಲ್ ಆಫ್ ಆದ್ರೂ ಚೀಟಿ ಇರುತ್ತೆ. ದಾರೀಲಿ ಏನೇ ತೊಂದ್ರೆ ಆದ್ರೂ ರೈಲ್ವೆ ಸಹಾಯವಾಣಿ 139.

ಮುಂಬೈ-ಪುಣೆ ನಡುವೆ ಯಾವುದು ಒಳ್ಳೇದು?

ದಾದರ್ ಹತ್ರ ಕೆಲಸ ಇದ್ರೆ ಶಿವನೇರಿ (ಎಸ್‌ಟಿಯವರ ಎಸಿ ಬಸ್ಸು), ಸಿಎಸ್‌ಎಂಟಿ (ಹಳೇ ವಿಟಿ ಸ್ಟೇಷನ್) ಹತ್ರ ಇದ್ರೆ ಟ್ರೇನ್. 1930ರಿಂದ ಓಡ್ತಿರೋ ಡೆಕ್ಕನ್ ಕ್ವೀನ್ ಇವತ್ತಿಗೂ ಮೂರು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತೆ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಹಳೇ ಹೈವೇ ಹಿಡೀಬೇಕು.

ಬೈಕ್ ಊರಿಗೆ ಕಳಿಸ್ಬೇಕು, ಟ್ರೇನಲ್ಲಿ ಆಗುತ್ತಾ?

ಆಗುತ್ತೆ, ಸ್ಟೇಷನ್ ಪಾರ್ಸಲ್ ಆಫೀಸಲ್ಲಿ. ಆರ್‌ಸಿ ಜೆರಾಕ್ಸ್, ಗುರುತಿನ ಚೀಟಿ ಬೇಕು, ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು. ಪ್ಯಾಕಿಂಗ್‌ನವರು ಸ್ಟೇಷನ್ ಹೊರಗೇ ಸಿಗ್ತಾರೆ, ಗೋಣಿಚೀಲ ಸುತ್ತುವಾಗ ಪಕ್ಕದಲ್ಲೇ ನಿಂತು ಇಂಡಿಕೇಟರ್, ಕನ್ನಡಿ ಬಿಚ್ಚಿಸಿ ಒಳಗಿಡಿಸಿ. ನೀವು ಹೋಗೋ ಗಾಡಿಯಲ್ಲೇ ಬೈಕೂ ಬರುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಜಾಗ ಇದ್ರೆ ಮಾತ್ರ ಹತ್ತಿಸ್ತಾರೆ. ರಸೀದಿ ಜೋಪಾನ ಮಾಡಿ, ಊರಲ್ಲಿ ಬಿಡಿಸ್ಕೊಳ್ಳೋಕೆ ತಡ ಮಾಡಿದ್ರೆ ದಂಡದ ಬಾಡಿಗೆ ಕಟ್ಟಿಸ್ತಾರೆ, ಬಂತು ಅಂತ ಗೊತ್ತಾದ ದಿನವೇ ಮನೆಯಿಂದ ಯಾರನ್ನಾದ್ರೂ ಕಳಿಸಿ.